ಬಿಚ್ಚಿ ಬಿಚ್ಚಿ ನೋಡಿದ ಸೀರೆ

"ಗುರುಗಳೇ, ಒಮ್ಮೆ ಎಲ್ಲರೆದುರು ತಪ್ಪಿದವನು ಮತ್ತೆ ಎಲ್ಲರೆದುರು ನಿಲ್ಲುವುದು ಹೇಗೆ?"

ಕೇಳಿದವನು ಮಠದ ಶಿಷ್ಯ ಗುರುಪಾದ. ಹುಣ್ಣಿಮೆಯ ಸಭೆಯಲ್ಲಿ ವಚನ ಹೇಳುತ್ತಿದ್ದವನು ನಡುವೆ ಮರೆತು ನಿಂತುಬಿಟ್ಟಿದ್ದ. ಹಿಂದೆ ಕುಳಿತವರು ಯಾರೋ ಕಿಸಕ್ಕನೆ ನಕ್ಕಿದ್ದರು. ಆ ನಗು ಇನ್ನೂ ಅವನ ಕಿವಿಯಲ್ಲೇ ಇತ್ತು. ಅಂದಿನಿಂದ ಅವನು ಊರ ಮಕ್ಕಳಿಗೆ ಪಾಠ ಹೇಳುವುದನ್ನೂ ಬಿಟ್ಟಿದ್ದ. ಮಕ್ಕಳು ಬಂದು ಪಡಸಾಲೆಯಲ್ಲಿ ಕಾಯುವರು. ಇವನು ಸೌದೆ ಒಡೆಯುವ ನೆಪ ಮಾಡಿಕೊಂಡು ಹಿತ್ತಲು ಸೇರುವನು. ಕಾದು ಕಾದು ಅವರು ಮನೆಗೆ ಹೋಗುವರು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನ ತಂಗಿಯ ಮಗಳಿಗೆ ಮದುವೆ ಗೊತ್ತಾಯಿತು. ಸೋದರಮಾವ ತಂದ ಸೀರೆಯನ್ನುಟ್ಟೇ ಹುಡುಗಿ ಧಾರೆಗೆ ಕೂರಬೇಕು. ಅದು ಅವರ ಮನೆತನದ ಪದ್ಧತಿ. ಹುಡುಗಿ ಬಂದು, "ಮಾವಾ, ಅಂಗಡಿದು ಬ್ಯಾಡ. ನಿನ್ನ ಕೈಲೇ ನೇಯ್ದದ್ದು ಬೇಕು" ಎಂದಳು. ನೇಕಾರ ಹಿರಿಹಿರಿ ಹಿಗ್ಗಿದ. ಒಳ್ಳೆಯ ರೇಷ್ಮೆ ತಂದು ಉದ್ದೆಳೆಗಳನ್ನು ಮಗ್ಗಕ್ಕೆ ಹಾಸಾಗಿ ಕಟ್ಟಿದ.

ಮಗ್ಗದಲ್ಲಿ ನೇಯ್ದ ಬಟ್ಟೆ ನೇಕಾರನ ಕಣ್ಣಮುಂದೆ ಉಳಿಯುವುದಿಲ್ಲ. ಗೇಣುದ್ದ ಆದೊಡನೆ ಅದನ್ನು ಮಗ್ಗದ ಮರದ ದಿಂಡಿಗೆ ಸುತ್ತಿ, ಹಾಸನ್ನು ಬಿಗಿದು, ಮುಂದಕ್ಕೆ ಸಾಗಬೇಕು. ಇವನೂ ಸುತ್ತಿದ. ಸುತ್ತಿದ ಮೇಲೆ ಹೊಳೆಯಿತು, ಅಂಚಿನ ಹೂವಿನಲ್ಲಿ ಒಂದು ಎಳೆ ತಪ್ಪಿದೆ ಎಂದು. ಕಿತ್ತು ನೇಯೋಣವೆಂದರೆ ರೇಷ್ಮೆ ನವೆದುಹೋಗುತ್ತದೆ. ಹಾಗೆಯೇ ಬಿಡಬೇಕಾಯಿತು.

ಬಟ್ಟೆಯನ್ನೇನೋ ಬಿಟ್ಟ, ತಪ್ಪನ್ನು ಬಿಡಲಾಗಲಿಲ್ಲ. ಲಾಳಿ ಅತ್ತಿತ್ತ ಓಡುತ್ತಿತ್ತು, ಮನಸ್ಸು ದಿಂಡಿನೊಳಗೇ ಕುಳಿತಿತ್ತು. ಬೀಗರು ಏನೆಂದಾರು? ಇಷ್ಟು ಕಾಲ ನೇಯ್ದು ನಾನು ಕಲಿತದ್ದು ಇಷ್ಟೇ ಏನು? ತಡೆಯಲಾರದೆ ಹಾಸು ಸಡಿಲಿಸಿ, ದಿಂಡು ಬಿಚ್ಚಿ ನೋಡಿದ. ನಾಚಿಕೆಯಿಂದ ಮುಖ ಬಿಸಿಯಾಯಿತು. ಮತ್ತೆ ಸುತ್ತಿದ, ಬಿಗಿದ, ನೇಯ್ದ. ಸ್ವಲ್ಪ ಹೊತ್ತಿಗೆ ಮತ್ತೆ ಬಿಚ್ಚಿದ. ಪಾಪ, ತಪ್ಪು ಇದ್ದಲ್ಲೇ ಇತ್ತು, ಇದ್ದಷ್ಟೇ ಇತ್ತು. ಇವನ ಕಣ್ಣಿಗೆ ಮಾತ್ರ ಪ್ರತಿಸಲವೂ ಒಂದಿಷ್ಟು ಬೆಳೆದಂತೆ ಕಾಣುತ್ತಿತ್ತು.

ನೋಡಿ ನೋಡಿ ಹೆಂಡತಿಗೆ ಬೇಸರ ಬಂತು. "ಅದು ನಡಕ್ಕ ಸಿಗಿಸೂ ಕಡೆ ಬರ್ತದ. ಯಾರ ಕಣ್ಣಿಗಿ ಬೀಳ್ತದ? ಗಳಿಗ್ಗೊಮ್ಮೆ ಬಿಚ್ಚಿದ್ರ ಅದು ಸರಿ ಆಗ್ತದೇನು?"

"ಸರಿ ಆಗೂದಿಲ್ಲ, ಗೊತ್ತೈತಿ" ಎಂದ ನೇಕಾರ. "ಖರೆ, ನೋಡಲಾರದ ಇರಾಕ ಆಗವಲ್ದು."

ಸೀರೆ ಮುಗಿಯಿತು. ಮಗ್ಗದಿಂದ ಇಳಿಸಿ ಬಾಗಿಲ ಬೆಳಕಿಗೆ ಹಿಡಿದ. ಸೀರೆಯ ತುಂಬ ಅಡ್ಡಗೆರೆಗಳು. ಹಾಸನ್ನು ಸಡಿಲಿಸಿ ಮತ್ತೆ ಬಿಗಿದ ಕಡೆಗಳಲ್ಲೆಲ್ಲ ನೇಯ್ಗೆ ಒಮ್ಮೆ ದಟ್ಟ, ಒಮ್ಮೆ ತೆಳು. ಅವನು ಬಿಚ್ಚಿ ನೋಡಿದ ಪ್ರತಿಸಲವೂ ಒಂದು ಗೆರೆಯಾಗಿ ಉಳಿದಿತ್ತು. ಆ ಮೊದಲ ತಪ್ಪನ್ನು ಈಗ ಅವನೇ ಹುಡುಕಿ ನೋಡಬೇಕಾಯಿತು.

ಇದನ್ನು ಹಿಡಿದುಕೊಂಡು ಯಾವ ಮುಖ ಹೊತ್ತು ಹೋಗಲಿ ಎಂದು ಸೀರೆಯನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದ. ಬೇರೊಂದು ನೇಯಲು ದಿನವಿರಲಿಲ್ಲ. ಅಂಗಡಿಗೆ ಹೋಗಲು ನಾಚಿಕೆ ಬಿಡಲಿಲ್ಲ. ಮದುವೆಯ ದಿನ ಹೆಂಡತಿ ಕರೆದಳು. ಜ್ವರ ಎಂದು ಮುಸುಕೆಳೆದ. ಅವಳು ಬರಿಗೈಯಲ್ಲಿ ಹೋದಳು. ಅವನು ಬಾಗಿಲು ಹಾಕಿಕೊಂಡು ಖಾಲಿ ಮಗ್ಗದ ಮುಂದೆ ಕುಳಿತ. ಅನ್ನ ಸೇರಲಿಲ್ಲ. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಆ ನೇಕಾರನ ನಾಚಿಕೆ ತನ್ನದೇ ಎನ್ನಿಸಿ ಗುರುಪಾದನಿಗೆ ಕಣ್ಣೀರು ಬರುವಂತಾಯಿತು. ಮೆಲ್ಲಗೆ ಕೇಳಿದ: "ಆಮೇಲೆ ಅವನನ್ನು ಕಂಡು ಜನ ನಕ್ಕರೇ, ಗುರುಗಳೇ?"

ಗುರುಗಳು ಅವನ ಮುಖವನ್ನೇ ನೋಡಿದರು.

"ಧಾರೆಗೆ ಆ ಹುಡುಗಿ ಏನುಟ್ಟು ಕುಳಿತಳು ಎಂದು ನೀನೂ ಕೇಳಲಿಲ್ಲವಲ್ಲ, ಗುರುಪಾದ."