ಹಾರಕ್ಕೆ ಬಿಟ್ಟ ಜಾಗ

"ಗುರುಗಳೇ, ದಿನಾ ಜೇಬಿನಲ್ಲಿಟ್ಟುಕೊಂಡು ತಿರುಗಲು ಒಂದು ಸಣ್ಣ ಕ್ಯಾಮೆರಾ ಕೊಳ್ಳಬೇಕೆಂದಿದ್ದೇನೆ. ದುಬಾರಿಯದು ಬೇಡ. ಎಂಥದ್ದನ್ನು ಆರಿಸಲಿ?" ಎಂದು ಶಿಷ್ಯ ಬಸಲಿಂಗ ಕೇಳಿದ.

"ಈಗೇಕಪ್ಪ ಈ ಹುಚ್ಚು?" ಎಂದರು ಗುರುಗಳು.

"ನಮ್ಮಣ್ಣನಿಗೆ ಹೃದಯದ ಆಪರೇಷನ್ ಆಯಿತಲ್ಲ. ಮನೆಯಲ್ಲಿ ಹುಡುಕಿದರೆ ಅವನದೊಂದು ನೆಟ್ಟಗಿನ ಫೋಟೋ ಇಲ್ಲ. ಕೈಯಲ್ಲೊಂದು ಕ್ಯಾಮೆರಾ ಇದ್ದರೆ ಒಳ್ಳೆಯದು ಅನ್ನಿಸಿತು."

ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಫೋಟೋಗಳಿಗೆ ಕಟ್ಟು ಹಾಕುವವನೊಬ್ಬನಿದ್ದ. ಯಾರಾದರೂ ತೀರಿಕೊಂಡರೆ ಮನೆಯವರು ಅವನ ಅಂಗಡಿಗೆ ಬರುವರು. ಅವರು ತರುವ ಫೋಟೋಗಳೋ, ಆ ದೇವರಿಗೇ ಪ್ರೀತಿ! ಮದುವೆಯ ಗುಂಪಿನಿಂದ ಕತ್ತರಿಸಿದ ಮುಖ, ಹೆಗಲ ಮೇಲೆ ಇನ್ಯಾರದೋ ಕೈ. ಇಲ್ಲವೇ ಗುರುತಿನ ಚೀಟಿಯ ಮಸುಕು ಚಿತ್ರ. ಅದನ್ನೇ ದೊಡ್ಡದು ಮಾಡಿ ಕಟ್ಟು ಹಾಕಿದರೆ, ಮೇಲೆ ಗಂಧದ ಹಾರ ಬಿದ್ದಾಗ ಮೂಗಿನಿಂದ ಕೆಳಗೆ ಏನೂ ಕಾಣದು. ಪಾಪ, ಕಟ್ಟಿನವನಿಗೆ ಕರುಳು ಚುರ್ ಎನ್ನುತ್ತಿತ್ತು.

ಅವನು ಪೇಟೆಗೆ ಹೋಗಿ ಕ್ಯಾಮೆರಾಗಳನ್ನು ನೋಡಿದ. ಉದ್ದ ಮೂತಿಯದು ಬೇಡ, ಕಂಡರೆ ಜನ ಸೆಟೆದು ನಿಲ್ಲುತ್ತಾರೆ. ಸದ್ದು ಮಾಡುವುದೂ ಬೇಡ. ಕೊನೆಗೆ ಸಾಬೂನಿನ ಡಬ್ಬಿಯಷ್ಟು ಚಿಕ್ಕದಾದ, ಅಲ್ಲಿದ್ದುದರಲ್ಲೇ ಅಗ್ಗವಾದ ಕಪ್ಪು ಕ್ಯಾಮೆರಾ ಆರಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. ಆರಿಸುವುದರಲ್ಲಿ ಅವನು ಜಾಣನೇ, ಅದರಲ್ಲಿ ಎರಡು ಮಾತಿಲ್ಲ.

ಅಂದಿನಿಂದ ಕಂಡವರದೆಲ್ಲ ಫೋಟೋ ತೆಗೆದ. ಚಹಾ ಕುಡಿಯುವವರದು, ಗಡ್ಡ ಬೋಳಿಸಿಕೊಳ್ಳುವವರದು, ಬಸ್ಸಿಗೆ ಕಾಯುವವರದು. ತೆಗೆಯುವಾಗ ಎರಡು ಹೆಜ್ಜೆ ಹಿಂದೆ ಸರಿಯುವನು. ಕೊರಳಿನ ಸುತ್ತ ಹಾರಕ್ಕೆ ಜಾಗ ಬಿಡಬೇಕಲ್ಲ! ಯಾರು ಸತ್ತರೂ ಅವನ ಬಳಿ ಫೋಟೋ ಸಿದ್ಧ. ಜನ ಕೈ ಮುಗಿದರು, ಪುಣ್ಯಾತ್ಮ ಎಂದರು.

ಬರಬರುತ್ತ ಆ ಎರಡು ಹೆಜ್ಜೆಯ ಅರ್ಥ ಊರಿಗೇ ಗೊತ್ತಾಯಿತು. ಅವನು ಹಿಂದೆ ಸರಿದರೆ ಮಾತಾಡುತ್ತಿದ್ದವರು ಬಾಯಿ ಮುಚ್ಚುವರು. ಹೆಂಗಸರು ಮಕ್ಕಳನ್ನು ಒಳಗೆಳೆದುಕೊಳ್ಳುವರು. ಅವನಿಗೂ ಏನೋ ಶುರುವಾಯಿತು. ಯಾರನ್ನು ನೋಡಿದರೂ ಮುಖದ ಸುತ್ತ ನಾಲ್ಕು ಮರದ ಪಟ್ಟಿ ಕಾಣುತ್ತಿತ್ತು. ಎದುರಿಗಿದ್ದವರು ನಕ್ಕರೆ, ಆ ನಗು ಎಂದೋ ನಕ್ಕದ್ದೆನಿಸುತ್ತಿತ್ತು.

ಒಂದು ಮಧ್ಯಾಹ್ನ ಅವನ ಹೆಂಡತಿ ಗೌರವ್ವ ಪಡಸಾಲೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಬಲು ಮಾತಿನವಳು. "ಊರವರದೆಲ್ಲ ತೆಗೆದಿರಿ. ಕಟ್ಟಿಕೊಂಡವಳು ಮಾತ್ರ ಕಣ್ಣಿಗೆ ಬೀಳಲಿಲ್ಲವೇನು?" ಎಂದು ನಕ್ಕಳು.

ಅವನೂ ನಗುತ್ತಲೇ ಜೇಬಿನಿಂದ ಕ್ಯಾಮೆರಾ ತೆಗೆದು ಎತ್ತಿ ಹಿಡಿದ. ಕಾಲು ತಾನಾಗಿ ಎರಡು ಹೆಜ್ಜೆ ಹಿಂದೆ ಹೋಯಿತು.

ಗೌರವ್ವನ ಕೈ ನಿಂತಿತು. ಅವಳು ಗಂಡನ ಪಾದಗಳನ್ನು ನೋಡಿದಳು. ಆಮೇಲೆ ಒಂದು ಮಾತೂ ಆಡದೆ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ರೆಪ್ಪೆ ಬಡಿಯದೆ ಕೂತಳು.

ಅವನು ಆ ಕ್ಷಣವೇ ಕ್ಯಾಮೆರಾವನ್ನು ಹಿತ್ತಲ ಬಾವಿಗೆ ಎಸೆದ. ಗೌರವ್ವ ಸಾಯಲಿಲ್ಲ. ಇನ್ನೂ ಹದಿನೆಂಟು ವರ್ಷ ಬದುಕಿದಳು. ನೆರೆಯವರೊಡನೆ ಹರಟುವಳು, ಜಗಳವಾಡುವಳು. ಗಂಡನ ಚಪ್ಪಲಿಯ ಸದ್ದು ಕೇಳಿತೋ, ಮಾತನ್ನು ಅಲ್ಲಿಗೇ ನಿಲ್ಲಿಸಿ ಗೋಡೆಗೆ ಬೆನ್ನು ಕೊಟ್ಟು, ಕಟ್ಟು ಹಾಕಿದ ಫೋಟೋದಂತೆ ನೆಟ್ಟಗೆ ಕೂತುಬಿಡುವಳು. "ಮಾತಾಡೇ ಗೌರೀ. ಬೈಯುವುದಾದರೆ ಬೈಯೇ" ಎಂದು ಅವನು ಕೈ ಹಿಡಿದು ಅತ್ತ. ಅವಳು ಅವನ ತಲೆಯ ಮೇಲಿಂದ ನೇರವಾಗಿ ನೋಡುತ್ತಿದ್ದಳು. ಆ ಕೈ ಬೆಚ್ಚಗೇ ಇತ್ತು. ಅವನಿಗೆ ಹೆದರಿಕೆಯಾದದ್ದು ಅದಕ್ಕೇ.

ಕತೆ ಮುಗಿಯಿತು.

"ಹಾಗಾದರೆ ನಾನು ಕ್ಯಾಮೆರಾ ಕೊಳ್ಳಲೇಬಾರದೇ?" ಎಂದ ಬಸಲಿಂಗ.

"ಧಾರಾಳವಾಗಿ ಕೊಳ್ಳಪ್ಪ, ಆದರೆ ನಿನ್ನಣ್ಣ ಸಾಯುತ್ತಾನೆಂದು ಡಾಕ್ಟರು ಹೇಳಿದರೋ, ನೀನೇ ಹೇಳಿಕೊಂಡೆಯೋ?" ಎಂದರು ಗುರುಗಳು.