ಚುಕ್ಕಿ ಕಚ್ಚಿದ ಕೆಂಪು ಹೂವಿನ ಗಿಡ

ಒಂದಾನೊಂದು ಕಾಲದಲ್ಲಿ, ನಿಮ್ಮಜ್ಜನ ಅಜ್ಜಿಗೇ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲ ಅದು, ನಂಜವ್ವ ಅಂತ ಒಬ್ಬಳು ಅತ್ತೆ ಇದ್ದಳಂತೆ, ಅವಳಿಗೆ ಮೂರು ಜನ ಸೊಸೆಯರಂತೆ. ಕಿರಿಸೊಸೆ ಸಾಕವ್ವ ತವರಿಂದ ಬರುವಾಗ ಚುಕ್ಕಿ ಅನ್ನೋ ಮೇಕೇನ ಜೊತೆಗೇ ಕರ್ಕೊಂಡು ಬಂದಿದ್ದಳಂತೆ. ಆ ಮನೇಲಿ ಅವಳಿಗೆ ತನ್ನದು ಅಂತ ಇದ್ದದ್ದು ಅದೊಂದೇ. ಅದೋ, ಒಂದಿನ ಅತ್ತೆಯ ಅವರೆ ಬಳ್ಳೀನ ಬುಡದವರೆಗೂ ಮೇದುಬಿಡ್ತಂತೆ! ನಂಜವ್ವ ಕೆಂಡಾಮಂಡಲವಾಗಿ, ಇದನ್ನ ಸಂತೇಲಿ ಮಾರಿಬಿಡ್ತೀನಿ ಅಂದಳಂತೆ. ಸಾಕವ್ವ ಕಾಲಿಗೆ ಬಿದ್ದು ಅತ್ತಳಂತೆ.

ಆಗ ನಂಜವ್ವ ಮೂರು ಸಸಿ ತಂದಿದ್ದಳು. ಯಾವ ಸಸಿ ಅಂತೀಯಾ? ನಮ್ಮ ಅಂಗಳದಲ್ಲಿ ಕೆಂಪಗೆ ತೆನೆ ತೆನೆಯಾಗಿ ಹೂ ಬಿಡುತ್ತಲ್ಲ, ನಿಮ್ಮಮ್ಮ ಸಾಲ್ವಿಯಾ ಅಂತಾಳಲ್ಲ, ಅದೇ. ಬೆರಳುದ್ದದ ಸೂರಕ್ಕಿ ಬಂದು ಆ ಹೂವಿನ ಜೇನು ಹೀರೋದನ್ನ ನೋಡೋದಂದ್ರೆ ನಂಜವ್ವನಿಗೆ ಪ್ರಾಣವಂತೆ. ಹಳೇ ಗಿಡ ಒಣಗಿದ ಮೇಲೆ ಹಕ್ಕಿ ಈ ಕಡೆ ತಲೆ ಹಾಕಿರಲಿಲ್ಲವಂತೆ. ಸೊಸೆಯರಿಗೆ ಒಂದೊಂದು ಸಸಿ ಕೊಟ್ಟು, ಯಾರ ಗಿಡಕ್ಕೆ ಸೂರಕ್ಕಿ ಬರುತ್ತೋ ಅವಳು ಕೇಳಿದ್ದು ಕೊಡ್ತೀನಿ, ಆದ್ರೆ ಸಾಕವ್ವ, ದೀಪಾವಳಿ ಸಂತೆಯೊಳಗೆ ನಿನ್ನ ಗಿಡಕ್ಕೆ ಬರದಿದ್ರೆ ಮೇಕೆ ಹೋಯ್ತು ಅಂತ ತಿಳ್ಕೋ ಅಂದಳಂತೆ.

ಹೂಂ ಅನ್ನು ಮಗಾ. ಹಿರಿಸೊಸೆ ಪ್ರೀತಿ ಜಾಸ್ತಿಯಾಗಿ ಹೊತ್ತುಹೊತ್ತಿಗೂ ನೀರು ಹುಯ್ದಳಂತೆ, ಬೇರು ಕೊಳೆತು ಗಿಡ ಹೋಯ್ತಂತೆ. ನಡುವಿನವಳು ಬಿಸಿಲಿಗೆ ಬಾಡುತ್ತೆ ಅಂತ ಜಗಲಿ ನೆರಳಲ್ಲಿಟ್ಟಳಂತೆ, ಅದು ಪೊರಕೆಕಡ್ಡಿ ಹಾಗೆ ಉದ್ದಕ್ಕೆ ಬೆಳೀತೇ ಹೊರತು ಮೊಗ್ಗಿಲ್ಲ. ಸಾಕವ್ವನಿಗೆ ಎಲ್ಲದಕ್ಕೂ ಯಾಕೆ ಯಾಕೆ ಅನ್ನೋ ಚಾಳಿ, ನಿನ್ನ ಹಾಗೇನೇ. ಅವರಿಬ್ಬರ ಪಾಡು ನೋಡಿದವಳೇ ತನ್ನ ಸಸೀನ ಬಿಸಿಲಿಗಿಟ್ಟು, ಮಣ್ಣಿಗೆ ಮರಳು ಬೆರೆಸಿ, ಬೆರಳಿಟ್ಟು ನೋಡಿ ಒಣಗಿದ್ರೆ ಮಾತ್ರ ನೀರು ಹಾಕಿದಳಂತೆ. ಆಮೇಲೆ ತುದೀಲಿ ಒಂದು ಮೊಗ್ಗು ಇಣುಕಿತಂತೆ.

ಅಷ್ಟರಲ್ಲಿ ಚುಕ್ಕಿ ಹಗ್ಗ ಬಿಚ್ಕೊಂಡು ಬಂದು ಆ ತುದೀನೇ ಕಚಕ್ ಅಂತ ಕಚ್ಚಿಬಿಡ್ತಂತೆ! ಕಚ್ಚಿದ್ದೇ ಥೂ ಅಂತ ಉಗೀತಂತೆ. ನಿನ್ನ ತಲೆ ಮೇಲೆ ನೀನೇ ಕಲ್ಲು ಹಾಕ್ಕೊಂಡೆಯಲ್ಲೇ ಅಂತ ಸಾಕವ್ವ ಮೇಕೆ ಕುತ್ತಿಗೆ ತಬ್ಕೊಂಡು ಅತ್ತಳಂತೆ. ಅಳ್ತಾ ಅಳ್ತಾನೇ, ಎಲ್ಲಾ ತಿನ್ನೋ ಮೇಕೆ ಇದನ್ನ್ಯಾಕೆ ಉಗೀತು ಅಂತ ಒಂದು ಎಲೆ ಉಜ್ಜಿ ಮೂಸಿದಳಂತೆ. ಅಬ್ಬಾ, ಏನು ಘಾಟು! ಸದ್ಯ, ಮಿಕ್ಕಿದ್ದಾದರೂ ಉಳೀತು ಅಂತ ಗಿಡಾನ ಹಾಗೇ ಬಿಟ್ಟಳಂತೆ.

ಆಮೇಲೆ ನೋಡಿದ್ರೆ, ಕಚ್ಚಿದ ಜಾಗದ ಕೆಳಗೆ ಎರಡು ಚಿಗುರು! ಅಯ್ಯೋ, ಇವೆರಡರ ತುದೀನೂ ಚಿವುಟಿದ್ರೆ ಏನಾಗಬಹುದು? ಅಂದ್ಕೊಂಡ ಸಾಕವ್ವ ಚಿವುಟಿಯೇಬಿಟ್ಟಳಂತೆ. ಓರಗಿತ್ತಿಯರು ಇವಳಿಗೆ ತಲೆ ಕೆಟ್ಟಿದೆ ಅಂತ ಬಿದ್ದು ಬಿದ್ದು ನಕ್ಕರಂತೆ. ಎರಡು ನಾಲ್ಕಾಗಿ, ನಾಲ್ಕು ಪೊದೆಯಾಯ್ತು, ಆದರೆ ಮೊಗ್ಗು ತಡವಾಯ್ತಂತೆ.

ಸಂತೆ ದಿನ ಬಂದೇಬಿಡ್ತು. ನಂಜವ್ವ ಮೇಕೆ ಹಗ್ಗ ಹಿಡ್ಕೊಂಡು ಅಂಗಳಕ್ಕೆ ಬರ್ತಾಳೆ, ನಿನ್ನೆ ಬಾಯಿ ಬಿಗಿದಿದ್ದ ತೆನೆಗಳೆಲ್ಲ ಎಳೆಬಿಸಿಲಿಗೆ ಅರಳಿ ಗಿಡದ ತುಂಬಾ ಕೆಂಪು! ಹೂ ಸರಿ, ಹಕ್ಕಿ ಎಲ್ಲೇ ಅಂತ ನಂಜವ್ವ ಮೇಕೇನ ಎಳ್ಕೊಂಡು ಬೇಲಿ ದಾಟೋದರಲ್ಲಿದ್ದಳಂತೆ. ಆಗ ಸರ್ರನೆ ಸೂರಕ್ಕಿ! ಒಂದು ತೆನೆಯಿಂದ ಇನ್ನೊಂದಕ್ಕೆ ಹಾರ್ತಾ, ಜೋಕಾಲಿ ಆಡ್ತಾ, ಚಿಂವ್ ಚಿಂವ್ ಅಂತಾ. ನಂಜವ್ವ ಹಗ್ಗ ಕೈಲಿರೋದನ್ನೇ ಮರೆತು ನಿಂತುಬಿಟ್ಟಳಂತೆ.

ಇಷ್ಟೊಂದು ಹೂ ಬರೋ ಹಾಗೆ ಗಿಡ ಬೆಳೆಸೋದನ್ನ ನಿನಗೆ ಯಾರೇ ಹೇಳಿಕೊಟ್ಟಿದ್ದು ಅಂದಳಂತೆ. ನೀವು ಸಂತೆಗೆ ಎಳ್ಕೊಂಡು ಹೋಗ್ತಿದ್ದೀರಲ್ಲ ಅತ್ತೆ, ಅವಳೇ ಅಂದಳಂತೆ ಸಾಕವ್ವ.

ಕೇಳಿದ್ದು ಕೊಡ್ತೀನಿ ಅಂದಿದ್ದಳಲ್ಲ, ಸಾಕವ್ವ ಚುಕ್ಕೀನೇ ಕೇಳಿದಳಂತೆ, ಚುಕ್ಕಿ ಮನೇಲೇ ಉಳೀತು. ಹೊಸ ಅವರೆ ಬಳ್ಳಿಗೆ ಮಾತ್ರ ಗಟ್ಟಿ ಬೇಲಿ ಕಟ್ಟಿದರಂತೆ. ಹೂ ಉದುರಿ ತೆನೆ ಒಣಗಿದಾಗಲೆಲ್ಲ ನಂಜವ್ವನೇ ಕತ್ತರಿ ಹಿಡ್ಕೊಂಡು ಮೇಕೆ ಹತ್ರ ಹೋಗಿ, ಎಲ್ಲಿ ಕತ್ತರಿಸಲಿ ಹೇಳೇ ತಾಯಿ ಅಂತ ಕೇಳ್ತಿದ್ದಳಂತೆ. ಕತ್ತರಿಸಿದ ಹಾಗೆಲ್ಲ ಹೊಸ ಹೂ ಬಂದು ಸೂರಕ್ಕಿ ಬರೋದು ನಿಲ್ಲಲೇ ಇಲ್ಲವಂತೆ.

ಏನು, ಹೂಂ ಅನ್ನೋದೇ ನಿಂತುಹೋಯ್ತಲ್ಲ? ಚುಕ್ಕಿ ಕೊಟ್ಟಿಗೇಲಿ ಮಲಗ್ತು, ನೀನು ನನ್ನ ತೋಳಲ್ಲಿ ಮಲಗಿದೆ, ಅಲ್ಲಿಗೆ ಕತೇನೂ ಮುಗೀತು.