ಬಿದಿರಿನ ಬಳೆ ಮತ್ತು ಕೆಂಚವ್ವನ ದವಡೆ

ಮಕ್ಕಳೇ, ಕುರುಚಲು ಕಾಡೊಂದರ ನಡುವೆ ಕಲ್ಲುಮಡು ಎಂಬ ಕೊಳವಿತ್ತು. ಕೊಳದ ಈ ದಂಡೆಯಲ್ಲಿ ಪ್ರಾಣಿಗಳ ಮನೆ. ಆಚೆ ದಂಡೆಯಲ್ಲಿ ವಾರಕ್ಕೊಮ್ಮೆ ಅವುಗಳ ಸಂತೆ. ಎರಡರ ನಡುವೆ ಕೊಳದಿಂದ ಹೊರಟು ಮೊಣಕಾಲುದ್ದ ನೀರು ಹರಿಯುವ ಒಂದು ಕಾಲುವೆ. ಎಮ್ಮೆ, ಆಡುಗಳಿಗೆ ಅದೊಂದು ನೀರೇ ಅಲ್ಲ. ಕೋಳಿಮರಿಗಳಿಗೆ ಮಾತ್ರ ಅದು ಸಮುದ್ರ.

ಮರಿಗಳನ್ನು ಆ ಕಾಲುವೆ ದಾಟಿಸುವ ಕೆಲಸ ಕೆಂಚವ್ವನದು. ಕೆಂಚವ್ವ ಕೆಂಪು ಮೈಯ, ಅಗಲ ದವಡೆಯ ಹೆಣ್ಣುನಾಯಿ. ಅವಳು ಬಾಯಿ ತೆರೆದರೆ ನಾಲ್ಕು ಕೋಳಿಮರಿ ಸಾಲಾಗಿ ಕೂರಬಹುದಿತ್ತು. ಕೂರುತ್ತಲೂ ಇದ್ದವು. ಆಚೆ ದಂಡೆಯಲ್ಲಿ ಇಳಿಸಿದಾಗ ಅವುಗಳ ಪುಕ್ಕ ಒಂಚೂರು ಒದ್ದೆಯಾಗಿರುತ್ತಿತ್ತು, ಅಷ್ಟೇ. ಅದಕ್ಕೆ ಬದಲಾಗಿ ಕೋಳಿಗಳು ಅವಳಿಗೆ ಊಟ ಕೊಡುತ್ತಿದ್ದವು. ಇಬ್ಬರಿಗೂ ಅನುಕೂಲ, ಯಾರ ಹಂಗೂ ಇಲ್ಲ.

ಒಂದು ದಿನ ಪಕ್ಕದ ಕಾಡಿನಿಂದ ಕೆಟ್ಟ ಸುದ್ದಿ ಬಂತು. ಅಲ್ಲಿ ಯಾವುದೋ ಅಗಲ ದವಡೆಯ ನಾಯಿ ಎಳೆಗರುವಿನ ಕಾಲು ಹಿಡಿದು ಬಿಡಲೇ ಇಲ್ಲವಂತೆ. ಕಲ್ಲುಮಡುವಿನ ಯಜಮಾನ ಕೋಣಪ್ಪ ತಾನೇ ಹೋಗಿ ಆ ಕರುವನ್ನು ನೋಡಿ ಬಂದ. ಮೂರು ಕಾಲಿನಲ್ಲಿ ಕುಂಟುವ ಕರುವನ್ನು ಕಂಡ ಮೇಲೆ ಅವನಿಗೆ ಎರಡು ದಿನ ಮೇವು ಸೇರಲಿಲ್ಲ. ಅವನ ಹೆದರಿಕೆ ಸುಳ್ಳಲ್ಲ, ಮಕ್ಕಳೇ. ಅದನ್ನು ನೋಡಿ ನಗಬಾರದು.

ಕೋಣಪ್ಪ ಸಭೆ ಕರೆದ.

"ನಮ್ಮಲ್ಲಿ ಹಾಗಾಗೋಕೆ ಮುಂಚೆ ಏನಾದರೊಂದು ನಿಯಮ ಮಾಡಬೇಕು," ಎಂದ. "ಗುಮಾಸ್ತರೇ, ನೀವು ಓದು ಬರಹ ಬಲ್ಲವರು. ನೀವೇ ಹೇಳಿ."

ಗುಮಾಸ್ತ ಎಂದರೆ ಕೊಕ್ಕರೆ. ಮುತ್ತುಗದ ಎಲೆಯ ಮೇಲೆ ಕೊಕ್ಕಿನಿಂದ ತೂತು ಹೊಡೆದು ಬರೆಯುವುದು ಅವನ ಕೆಲಸ. ಅವನು ಒಂಟಿ ಕಾಲಿನಲ್ಲಿ ನಿಂತು ಗಂಟಲು ಸರಿಪಡಿಸಿಕೊಂಡ.

"ಯಜಮಾನರೇ, ಕಚ್ಚುವುದು ಮೂತಿ. ಆದ್ದರಿಂದ ಮೂತಿಯನ್ನೇ ಅಳೆಯೋಣ. ಅಗಲ ಮೂತಿ ಅಂದರೆ ಅಪಾಯದ ತಳಿ. ತೆಳ್ಳನೆಯ ಮೂತಿ ಅಂದರೆ ಸಾಧು ತಳಿ. ಇದು ನೋಡಿದರೇ ಗೊತ್ತಾಗುತ್ತೆ." ಹೀಗೆಂದು ಕೊಕ್ಕರೆ ನೀರಿನಲ್ಲಿ ತನ್ನ ಕೊಕ್ಕಿನ ನೆರಳನ್ನು ನೋಡಿಕೊಂಡ.

ಕಲ್ಲಿನ ಮೇಲೆ ಕೂತಿದ್ದ ಕಪ್ಪೆ ವಟರಪ್ಪನಿಗೆ ತಡೆಯಲಾಗಲಿಲ್ಲ. "ತೆಳ್ಳನೆಯ ಮೂತಿ ಎಷ್ಟು ಸಾಧು ಅಂತ ನಮ್ಮಣ್ಣನ್ನ ಕೇಳಬಹುದಿತ್ತು, ಗುಮಾಸ್ತರೇ. ಮೊನ್ನೆವರೆಗೂ ಇದ್ದ."

"ಸಭೆಯಲ್ಲಿ ಅಡ್ಡಮಾತು ಬೇಡ!" ಎಂದ ಕೊಕ್ಕರೆ. ಸಭೆಯೂ ಹೌದೆಂದಿತು. ಹೆದರಿದವರಿಗೆ ಬೇಗ ಮುಗಿಯುವ ಮಾತು ಹಿಡಿಸುತ್ತದೆ.

ನಿಯಮ ಸಿದ್ಧವಾಯಿತು. ಬಿದಿರಿನ ಸೀಳು ಬಾಗಿಸಿ ಒಂದು ಬಳೆ ಮಾಡಿದರು. ಯಾವ ನಾಯಿಯ ಮೂತಿ ಆ ಬಳೆಯೊಳಗೆ ಹೋಗುತ್ತದೋ ಅದಕ್ಕೆ ಯಾವ ತಂಟೆಯೂ ಇಲ್ಲ. ಹೋಗದ ನಾಯಿ ಪರವಾನಗಿ ಪಡೆಯಬೇಕು. ಪರವಾನಗಿ ಸಿಗುವವರೆಗೆ ಹಗಲೂ ಇರುಳೂ ಬಾಯಿಗೆ ಕುಕ್ಕೆ ಹಾಕಿಕೊಂಡಿರಬೇಕು. ಕಣದಲ್ಲಿ ಎತ್ತು ಕಾಳಿಗೆ ಬಾಯಿ ಹಾಕದ ಹಾಗೆ ಬಳ್ಳಿಯಲ್ಲಿ ಹೆಣೆದ ಬುಟ್ಟಿ ಕಟ್ಟುತ್ತಾರಲ್ಲ, ಅದೇ ಕುಕ್ಕೆ. ನಾಲ್ಕು ಸಂತೆ ಕಳೆಯುವುದರೊಳಗೆ ಇಬ್ಬರು ನೆರೆಯವರು ಜಾಮೀನು ನಿಲ್ಲಬೇಕು. ನಿಲ್ಲದಿದ್ದರೆ ಆ ನಾಯಿ ಕಾಡು ಬಿಟ್ಟು ಹೋಗಬೇಕು.

ಕಾಡಿನಲ್ಲಿದ್ದ ನಾಯಿಗಳು ಏಳು. ಮೊದಲು ಬಂದವನು ಬೆಣ್ಣಪ್ಪ. ಬೆಣ್ಣೆಯ ಹಾಗೆ ಬೆಳ್ಳಗೆ, ಗಿಡ್ಡಕ್ಕೆ, ಬಾಲ ಅಲ್ಲಾಡಿಸುತ್ತ ಬಂದ. ಅವನ ಮೂತಿ ಬಳೆಯೊಳಗೆ ಸರಾಗವಾಗಿ ಹೋಗಿ ಬಂತು.

"ಅಯ್ಯೋ ಮುದ್ದು!" ಎಂದಿತು ಸಭೆ.

ಹೀಗೆ ಆರು ನಾಯಿಗಳು ಪಾಸಾದವು. ಕೆಂಚವ್ವನ ಮೂತಿಗೆ ಬಳೆ ತುದಿಯಲ್ಲೇ ಸಿಕ್ಕಿಕೊಂಡಿತು. ಕೊಕ್ಕರೆ ಜೋರಾಗಿ ಒತ್ತಿದ. ಕೆಂಚವ್ವನ ಕಣ್ಣಲ್ಲಿ ನೀರು ಬಂತು. ಅವಳು ಗುರ್ ಎನ್ನಲಿಲ್ಲ.

"ಅಪಾಯದ ತಳಿ," ಎಂದು ಕೊಕ್ಕರೆ ಎಲೆಯ ಮೇಲೆ ಚುಚ್ಚಿದ.

"ಅಪ್ಪಾ ಯಜಮಾನ, ನಾನು ಇಷ್ಟು ವರ್ಷದಲ್ಲಿ ಯಾರನ್ನಾದರೂ ಕಚ್ಚಿದ್ದು ಉಂಟಾ?" ಎಂದು ಕೇಳಿದಳು ಕೆಂಚವ್ವ.

ಕೋಣಪ್ಪ ನೆಲ ನೋಡಿದ. "ಇಲ್ಲ ತಾಯಿ. ಆದರೆ ಆ ನಾಯಿಯೂ ಅದಕ್ಕೆ ಮುಂಚೆ ಕಚ್ಚಿರಲಿಲ್ಲವಂತೆ." ಹೀಗೆಂದು ತಾನೇ ಅವಳಿಗೆ ಕುಕ್ಕೆ ತೊಡಿಸಿ, ಕಿವಿಯ ಹಿಂದೆ ಬಳ್ಳಿಯನ್ನು ಕೊಂಬಿನ ತುದಿಯಿಂದ ಮೂರು ಸುತ್ತು ಬಿಗಿದ. ಕೊಂಬಿನಿಂದ ಹಾಕಿದ ಗಂಟನ್ನು ಕೊಂಬಿದ್ದವರೇ ಬಿಚ್ಚಬೇಕು. ಆ ಕಾಡಿನಲ್ಲಿ ಅಂಥ ಗಂಟು ಬರುತ್ತಿದ್ದದ್ದು ಕೋಣಪ್ಪನಿಗೊಬ್ಬನಿಗೇ.

ಅಂದಿನಿಂದ ಕೆಂಚವ್ವನ ಕೆಲಸ ನಿಂತಿತು. ಕುಕ್ಕೆಯ ಸಂದಿನಿಂದ ನಾಲಿಗೆ ಚಾಚಿ ನೀರು, ತೆಳು ಗಂಜಿ ನೆಕ್ಕಬಹುದಿತ್ತು. ಬೇರೇನೂ ಇಲ್ಲ. ಎರಡನೇ ಸಂತೆಯ ಹೊತ್ತಿಗೆ ಅವಳ ಪಕ್ಕೆಯ ಎಲುಬು ಎಣಿಸುವ ಹಾಗಾಯಿತು.

ಮೊದಲ ಜಾಮೀನು ವಟರಪ್ಪ ಕೊಟ್ಟ, ಕೇಳುವ ಮೊದಲೇ. ಎರಡನೆಯದಕ್ಕೆ ಕೆಂಚವ್ವ ಕೋಳಿ ಚುಕ್ಕವ್ವನ ಮನೆಗೆ ಹೋದಳು. ಚುಕ್ಕವ್ವನ ಹನ್ನೊಂದು ಮರಿಗಳೂ ಅವಳ ಬಾಯಲ್ಲಿ ಕಾಲುವೆ ದಾಟಿದವೇ.

ಚುಕ್ಕವ್ವ ಮರಿಗಳನ್ನು ರೆಕ್ಕೆಯೊಳಗೆ ಎಳೆದುಕೊಂಡಳು. "ಅಕ್ಕಾ, ನಿನ್ನ ಮೇಲೆ ನನಗೇನೂ ಇಲ್ಲ. ಆದರೆ ಬಳೆ ದಾಟಲಿಲ್ಲ ಅಂದ ಮೇಲೆ... ಏನೋ ಇರಬೇಕು ಅಲ್ವಾ?"

"ಮೊನ್ನೆಮೊನ್ನೆಯವರೆಗೆ ನೀನೇ ಇದೇ ಬಾಯಲ್ಲಿ ಮರಿ ಕೂರಿಸುತ್ತಿದ್ದೆ."

"ಆಗ ಬಳೆ ಇರಲಿಲ್ಲವಲ್ಲ, ಅಕ್ಕಾ."

ಕೆಂಚವ್ವ ತಿರುಗಿ ನಡೆದಳು.

ಅತ್ತ ಬೆಣ್ಣಪ್ಪನ ದರ್ಬಾರು ಶುರುವಾಯಿತು. ಅವನಿಗೆ ಮೊದಲಿನಿಂದಲೂ ಒಂದು ಚಾಳಿ. ತಿನ್ನುವಾಗ ಯಾರು ಹತ್ತಿರ ಸುಳಿದರೂ ಬಾಯಿ ಹಾಕುತ್ತಿದ್ದ. ಮುಂಚೆ ಯಾರಾದರೂ ಗದರಿದರೆ ಬಾಲ ಮುದುರುತ್ತಿದ್ದ. ಈಗ "ನಾನು ಬಳೆ ದಾಟಿದವನು! ಯಾರ ಹತ್ತಿರ ಮಾತಾಡ್ತಿದೀಯ?" ಎನ್ನುತ್ತಿದ್ದ. ಒಂದು ದಿನ ಮೊಲದ ಕಿವಿ ಹರಿದ. ಇನ್ನೊಂದು ದಿನ ಚುಕ್ಕವ್ವ ಅವನ ರೊಟ್ಟಿಯ ಚೂರು ಬಿದ್ದ ಕಡೆ ಕೆದಕಿದಳೆಂದು ಅವಳ ಬಾಲದ ಗರಿಗಳನ್ನೆಲ್ಲ ಕಿತ್ತ. "ಬಾಯಿಬಿಟ್ಟರೆ ಮುಂದಿನ ಸರದಿ ಮರಿಗಳದ್ದು," ಎಂದೂ ಹೆದರಿಸಿದ.

ಚುಕ್ಕವ್ವ ಮೋಟು ಬಾಲದಲ್ಲಿ ಗುಮಾಸ್ತನ ಬಳಿ ಬಂದಳು.

"ಏನು ಕಚ್ಚಿತು?" ಎಂದು ಕೇಳಿದ ಕೊಕ್ಕರೆ.

"ನಾಯಿ," ಎಂದಳು ಚುಕ್ಕವ್ವ. ಯಾವ ನಾಯಿ ಎನ್ನಲಿಲ್ಲ. ಅವಳ ಗೂಡು ಇದ್ದದ್ದು ಬೆಣ್ಣಪ್ಪನ ಪೊದೆಯ ಪಕ್ಕದಲ್ಲೇ.

ಕೊಕ್ಕರೆ ತನ್ನ ಎಲೆ ನೋಡಿದ. ಅಪಾಯದ ತಳಿ ಎಂದು ಬರೆದಿದ್ದ ಎಲೆಯಲ್ಲಿ ಇದ್ದದ್ದು ಒಂದೇ ಹೆಸರು. ಅದರ ಮುಂದೆಯೇ ಒಂದು ತೂತು ಹೊಡೆದ. ಮೊಲದ ಕಿವಿಯ ದೂರಿಗೆ ಹೊಡೆದ ತೂತೂ ಅದರ ಪಕ್ಕದಲ್ಲೇ ಇತ್ತು.

ನಾಲ್ಕನೇ ಸಂತೆಯ ದಿನ ಬಂತು. ಮಟಮಟ ಮಧ್ಯಾಹ್ನ, ಆಲದ ಮರದ ಕೆಳಗೆ ಸಭೆ ಸೇರಿತು. ಕೆಂಚವ್ವ ನಡುವೆ ನಿಂತಿದ್ದಳು. 

"ಜಾಮೀನು ಒಂದೇ," ಎಂದು ಕೊಕ್ಕರೆ ಓದಿದ. "ಇವಳ ಮೇಲೆ ಕಚ್ಚಿದ ಎರಡು ದೂರು. ನಿಯಮದ ಪ್ರಕಾರ ಇವಳು ಸಂಜೆಯೊಳಗೆ ಕಾಡು ಬಿಡತಕ್ಕದ್ದು."

ಕೋಣಪ್ಪ ಸಭೆಯತ್ತ ನೋಡಿದ. "ಇನ್ನೊಬ್ಬರು ಯಾರಾದರೂ ನಿಲ್ಲುತ್ತೀರಾ?"

ಚುಕ್ಕವ್ವ ಮಣ್ಣು ಕೆದಕುತ್ತ ತಲೆ ತಗ್ಗಿಸಿದಳು.

ಆಗ ವಟರಪ್ಪ ಮುಂದಕ್ಕೆ ಹಾರಿದ. "ಯಜಮಾನರೇ, ಜಾಮೀನು ಹಾಗಿರಲಿ. ಆ ಕುಕ್ಕೆಯ ಗಂಟು ಯಾರು ಹಾಕಿದ್ದು?"

"ನಾನೇ."

"ಸ್ವಲ್ಪ ನೋಡಿ ಹೇಳಿ. ಯಾರಾದರೂ ಬಿಚ್ಚಿದ ಹಾಗಿದೆಯಾ?"

ಕೋಣಪ್ಪ ಬಗ್ಗಿ ನೋಡಿದ. ಬಳ್ಳಿ ಒಣಗಿ ಕಬ್ಬಿಣದ ಹಾಗೆ ಬಿಗಿದುಕೊಂಡಿತ್ತು. ಸುತ್ತಿನ ಸಂದಿಯಲ್ಲಿ ಮಣ್ಣು ಕೂತು ಗಟ್ಟಿಯಾಗಿತ್ತು. ಕೆಳಗೆ ಕೂದಲು ಸವೆದು ಚರ್ಮ ಕಾಣುತ್ತಿತ್ತು. "ಇಲ್ಲ," ಎಂದ ನಿಧಾನವಾಗಿ. "ನಾನು ಹಾಕಿದ ಹಾಗೇ ಇದೆ."

"ಹಾಗಾದರೆ ಇವಳು ಕಚ್ಚಿದ್ದು ಯಾವುದರಲ್ಲಿ? ಬಾಲದಲ್ಲಾ?"

ಸಭೆ ನಕ್ಕಿತು. ಕೊಕ್ಕರೆಗೆ ರೇಗಿತು. "ಕುಕ್ಕೆ ಹಾಕಿಕೊಂಡೇ ಹೇಗೋ ಕಚ್ಚಿರಬಹುದು!"

"ಕುಕ್ಕೆ ಹಾಕಿದರೂ ಕಚ್ಚಬಹುದು ಅನ್ನೋದಾದರೆ ಕುಕ್ಕೆ ಯಾಕೆ ಹಾಕಿಸಿದಿರಿ, ಗುಮಾಸ್ತರೇ?"

ಕೊಕ್ಕರೆ ಬಳೆ ಎತ್ತಿ ತೋರಿಸಿದ. "ಬಳೆ ಸುಳ್ಳು ಹೇಳುವುದಿಲ್ಲ. ಉಳಿದ ಆರೂ ಸಾಧು ತಳಿ."

"ಇರಬಹುದು," ಎಂದ ವಟರಪ್ಪ. "ನೀವು ಅಳೆದದ್ದು ಅವರು ಬಾಲ ಅಲ್ಲಾಡಿಸುತ್ತ ನಿಂತಿದ್ದಾಗ. ಈಗ ಅಲ್ಲಿ ಬೆಣ್ಣಪ್ಪ ಊಟಕ್ಕೆ ಕೂತಿದ್ದಾನೆ. ಹೋಗಿ ಇನ್ನೊಂದು ಸಲ ಅಳೆದುಬಿಡಿ. ಮೂತಿ ಆಗಿನಷ್ಟೇ ಸಾಧುವಾಗಿದ್ದರೆ ನಾನೂ ಕೆಂಚವ್ವನ ಜೊತೆ ಕಾಡು ಬಿಡುತ್ತೇನೆ."

ಮಕ್ಕಳೇ, ಸಂತೆಯಲ್ಲಿ ಜೋಳ ಕೊಳ್ಳುವವರು ಚೀಲದೊಳಕ್ಕೆ ಕೈ ಹಾಕಿ ತಳದ ಕಾಳು ತೆಗೆದು ನೋಡುತ್ತಾರೆ. ಚೀಲ ಎಷ್ಟು ದಪ್ಪಗಿದೆ ಎಂದು ನೋಡಿ ಕಾಳಿನ ಗುಣ ಹೇಳುವವರು ಹೆಚ್ಚು ದಿನ ವ್ಯಾಪಾರ ಮಾಡಲಾರರು. ಕೊಕ್ಕರೆ ಚೀಲ ಅಳೆದವನು. ತನ್ನ ಅಳತೆಯ ಮೇಲೆ ಅವನಿಗೆ ಅಷ್ಟು ನಂಬಿಕೆ ಇತ್ತು. ಬಳೆ ಹಿಡಿದು ನೆಟ್ಟಗೆ ಹೋದ.

ಬೆಣ್ಣಪ್ಪ ರೊಟ್ಟಿಯ ಮೇಲೆ ಎರಡು ಕಾಲೂ ಊರಿ ಕೂತಿದ್ದ. "ಬೆಣ್ಣಪ್ಪನವರೇ, ಒಂದು ಕ್ಷಣ," ಎಂದು ಕೊಕ್ಕರೆ ಬಳೆ ಚಾಚಿದ.

ಮೂತಿ ಬಳೆಯೊಳಗೆ ಹೋಯಿತು. ಹೋದದ್ದು ಅಲ್ಲಿಗೇ ನಿಲ್ಲಲಿಲ್ಲ. ಬಳೆ ಬೆಣ್ಣಪ್ಪನ ಕಿವಿಯವರೆಗೆ ಜಾರಿತು, ಅವನ ಹಲ್ಲು ಕೊಕ್ಕರೆಯ ಕಾಲು ಹಿಡಿಯಿತು.

"ಅಯ್ಯೋ! ಬಿಡಿಸ್ರಪ್ಪೋ!"

ಎಲ್ಲರೂ ಹಿಂದಕ್ಕೆ ಸರಿದರು. ಮುಂದಕ್ಕೆ ನುಗ್ಗಿದವಳು ಕೆಂಚವ್ವ ಒಬ್ಬಳೇ. ಕುಕ್ಕೆಯಿದ್ದ ಬಾಯಿಂದ ಏನು ಮಾಡಲಾದೀತು? ತನ್ನ ಭುಜದಿಂದ ಬೆಣ್ಣಪ್ಪನ ಪಕ್ಕೆಗೆ ಗುದ್ದಿ ಉರುಳಿಸಿದಳು. ಅವನು ಮತ್ತೆ ಎದ್ದಾಗ ಕೊಕ್ಕರೆಗೂ ಅವನಿಗೂ ನಡುವೆ ಅಲುಗದೆ ನಿಂತಳು. ಬೆಣ್ಣಪ್ಪ ಬಾಲ ಮುದುರಿದ.

ಕೊಕ್ಕರೆಯ ಕಾಲು ಮುರಿದಿರಲಿಲ್ಲ, ಆದರೆ ರಕ್ತ ಸುರಿಯುತ್ತಿತ್ತು.

ಆಗ ಚುಕ್ಕವ್ವನಿಗೆ ಬಾಯಿ ಬಂತು. "ನನ್ನ ಗರಿ ಕಿತ್ತದ್ದೂ ಇವನೇ! ಮೊಲದ ಕಿವಿ ಹರಿದದ್ದೂ ಇವನೇ. ನಾನು ಕಣ್ಣಾರೆ ನೋಡಿದ್ದೆ." ಆಮೇಲೆ ಕೆಂಚವ್ವನ ಮುಂದೆ ಬಂದು, "ಹೆದರಿಬಿಟ್ಟಿದ್ದೆ, ಅಕ್ಕಾ," ಎಂದಳು.

"ಹೆದರಿದ್ದು ತಪ್ಪಲ್ಲ, ಚುಕ್ಕವ್ವ," ಎಂದಳು ಕೆಂಚವ್ವ. "ನಿನ್ನ ಹೆದರಿಕೆಗೆ ನಾನು ಗಂಜಿ ನೆಕ್ಕಬೇಕಾಯಿತು. ಅದು ತಪ್ಪು."

ಕೋಣಪ್ಪ ಕೊಂಬು ತಗ್ಗಿಸಿ ಗಂಟು ಬಿಚ್ಚತೊಡಗಿದ. ಅವನದೇ ಗಂಟು. ಆದರೂ ಬಿಚ್ಚಲು ಅವನಿಗೆ ತುಂಬ ಹೊತ್ತು ಹಿಡಿಯಿತು. ಕುಕ್ಕೆ ಕೆಳಗೆ ಬಿದ್ದಾಗ, "ನಾನು ಕುಂಟುವ ಕರುವನ್ನು ನೋಡಿ ಬಂದೆ. ಇಲ್ಲಿ ನಿಂತಿದ್ದ ನಿನ್ನನ್ನು ನೋಡಲಿಲ್ಲ, ತಾಯಿ," ಎಂದ.

ಅಷ್ಟರಲ್ಲಿ ಸಭೆಯಲ್ಲಿ ಗದ್ದಲ ಎದ್ದಿತು.

"ಬಿಳಿ ನಾಯಿಗಳನ್ನು ನಂಬಬಾರದು!"

"ಗಿಡ್ಡ ನಾಯಿಗಳಿಗೆಲ್ಲ ಕುಕ್ಕೆ ಹಾಕಿ!"

"ಬಳೆ ತಿರುಗಿಸಿ! ದಾಟಿದವರೇ ಅಪಾಯದ ತಳಿ!"

ಗುಂಪಿನ ಅಂಚಿನಲ್ಲಿ ಹತ್ತಿಯವ್ವ ಎಂಬ ಮುದಿ ಬಿಳಿನಾಯಿ ನಿಂತಿದ್ದಳು. ಯಾರ ತಂಟೆಗೂ ಹೋದವಳಲ್ಲ. ಅವಳು ಮೆಲ್ಲಗೆ ಹಿಂದೆ ಹಿಂದೆ ಸರಿಯತೊಡಗಿದಳು. ಕೆಂಚವ್ವ ಅದನ್ನು ನೋಡಿದಳು. ತಿಂಗಳಿಂದ ಪೂರ್ತಿ ತೆರೆಯದಿದ್ದ ದವಡೆ ಬಿಗಿದುಕೊಂಡಿತ್ತು. ಎರಡು ಸಲ ಬಾಯಿ ತೆರೆದು ಮುಚ್ಚಿ, ಆಮೇಲೆ ಹೇಳಿದಳು:

"ಕಚ್ಚಿದ್ದು ಬೆಣ್ಣಪ್ಪ. ಬಿಳಿ ಬಣ್ಣ ಕಚ್ಚಲಿಲ್ಲ."

ಕೂಗುಗಳು ಒಂದೊಂದಾಗಿ ನಿಂತವು. ಹತ್ತಿಯವ್ವ ನಿಂತಲ್ಲೇ ಕೂತಳು.

ಕೋಣಪ್ಪ ಬೆಣ್ಣಪ್ಪನ ಕಿವಿಯಿಂದ ಕಳಚಿ ಬಿದ್ದಿದ್ದ ಬಿದಿರಿನ ಬಳೆಯನ್ನು ಕಾಲಡಿ ಹಾಕಿ ತುಳಿದ. "ನಿಯಮ ಇರುತ್ತೆ," ಎಂದ. "ಆದರೆ ಇನ್ನು ಮೇಲೆ ಮೂತಿ ಅಳೆಯುವುದಿಲ್ಲ. ಯಾರು ಕಚ್ಚುತ್ತಾರೋ ಅವರಿಗೆ ಕುಕ್ಕೆ. ನೋಡಿದವರು ಬಂದು ಹೆಸರು ಹೇಳಬೇಕು. ಆಪಾದನೆ ಹೊತ್ತವರ ಮಾತನ್ನೂ ಕೇಳಬೇಕು. ಬೆಣ್ಣಪ್ಪನಿಗೆ ನಾಲ್ಕು ಸಂತೆ. ಆಮೇಲೆ ನಡತೆ ನೋಡಿ ಬಿಚ್ಚುತ್ತೇನೆ." ಕಾಲಿಗೆ ಸೊಪ್ಪು ಕಟ್ಟಿಸಿಕೊಳ್ಳುತ್ತಿದ್ದ ಕೊಕ್ಕರೆ ಹೊಸ ಎಲೆಯ ಮೇಲೆ ಅದನ್ನು ಬರೆದುಕೊಂಡ.

ಬೆಣ್ಣಪ್ಪ ಅಲ್ಲೇ ಮುದುರಿ ಕೂತಿದ್ದ. ಕೋಣಪ್ಪ ನೆಲದ ಮೇಲಿದ್ದ ಕುಕ್ಕೆಯನ್ನು ಕೊಂಬಿನಿಂದ ಎತ್ತಿ ಅವನತ್ತ ನಡೆದ.

"ಸ್ವಲ್ಪ ತಡಿ, ಯಜಮಾನ," ಎಂದಳು ಕೆಂಚವ್ವ. "ಎಡಗಡೆ ಒಳಗೆ ಒಂದು ಕಡ್ಡಿ ಇದೆ. ಕೆನ್ನೆಗೆ ಚುಚ್ಚುತ್ತೆ. ಅದನ್ನು ಮುರಿದು ಹಾಕು."

ನೀತಿ: ಹೆದರಿಕೆಯಾದಾಗ ನಿಯಮ ಬೇಕೇ ಬೇಕು, ಆದರೆ ಅದು ಹುಟ್ಟನ್ನಲ್ಲ, ನಡತೆಯನ್ನು ಅಳೆಯಬೇಕು, ಕಂಡದ್ದನ್ನು ಕಂಡವರು ಹೇಳಬೇಕು.